ಬಾಗಿಲಿನ ಚಿಲಕವನ್ನು ಯಾರು ಹಾಕಬೇಕು?



ಕಳೆದ ಮಳೆಗಾಲದ ಕೊನೆಯ ಭಾನುವಾರ ನಮ್ಮ ಕೂಟದ ಒಬ್ಬ ಅಕ್ಕನವರು ಆರಾಧನೆ ಮುಗಿಸಿ ಲೈನಿಗೆ ಮರಳಿದಾಗ ಅವರ ಮನೆಯ ಕದ ಅರ್ಧ ತೆರೆದಿತ್ತು. ಬೀಗ ಮುರಿದಿರಲಿಲ್ಲ. ಹಾಕಿದ ಬೀಗ ಹಾಕಿದ ಹಾಗೆಯೇ ಇತ್ತು. ಅದನ್ನು ಹಿಡಿದಿದ್ದ ಕೊಂಡಿ ಮಾತ್ರ ಚೌಕಟ್ಟಿನಿಂದ ಕಿತ್ತು ಬಂದು, ಬೀಗದ ಸಮೇತ ನೇತಾಡುತ್ತಿತ್ತು. ಮಗಳ ಮದುವೆಗೆಂದು ಮಾಡಿಸಿಟ್ಟಿದ್ದ ಓಲೆ, ಪೆಟ್ಟಿಗೆಯ ತಳದಲ್ಲಿದ್ದ ಬೋನಸ್ ಹಣ, ಎರಡು ತಾಮ್ರದ ಕೊಡ ಹೋಗಿದ್ದವು. ಆ ಅಕ್ಕ ಅಳಲಿಲ್ಲ. ಹೊಸ್ತಿಲ ಮೇಲೆ ಕುಳಿತು, "ಒಳ್ಳೆಯ ಬೀಗ ಅಂತ ಹೆಚ್ಚು ದುಡ್ಡು ಕೊಟ್ಟು ತಂದಿದ್ದೆನಲ್ಲ" ಎಂದರು. ಆ ಮಾತೇ ಈ ಬರಹಕ್ಕೆ ಕಾರಣ.

ಆ ವಾರದ ಮನೆಕೂಟದಲ್ಲಿ ಪ್ರಾರ್ಥನೆಗಿಂತ ಚರ್ಚೆಯೇ ಹೆಚ್ಚು ಹೊತ್ತು ನಡೆಯಿತು. ಹಿರಿಯರಲ್ಲಿ ಕೆಲವರು, "ಇದು ನಮ್ಮ ಕೈಯ ಕೆಲಸವಲ್ಲ, ಪೇಟೆಯಿಂದ ಇದೇ ಕಸುಬಿನವರನ್ನು ಕರೆಸಿ ಸೈರನ್ನು, ಕ್ಯಾಮೆರಾ ಹಾಕಿಸೋಣ" ಎಂದರು. ಯುವಕರು, "ದುಡ್ಡು ದಂಡ ಯಾಕೆ? ಎಲ್ಲವನ್ನೂ ಮೊಬೈಲಿನಲ್ಲಿ ತೋರಿಸುತ್ತಾರೆ, ನಾವೇ ಮಾಡುತ್ತೇವೆ" ಎಂದರು. ಇನ್ನು ಕೆಲವರು, "ಮನೆ ನಮ್ಮದಲ್ಲ, ಕಂಪೆನಿಯದು. ಆಫೀಸಿನವರೇ ಮಾಡಿಕೊಡಲಿ" ಎಂದರು. ಮೂರು ಮಾತಿನಲ್ಲೂ ಸತ್ಯವಿದೆ. ಮೂರರಲ್ಲಿ ಒಂದನ್ನೇ ಹಿಡಿದುಕೊಂಡರೆ ಮೋಸ ಹೋಗುತ್ತೇವೆ ಎಂಬುದು ಈ ಕೆಲವು ತಿಂಗಳಲ್ಲಿ ನಾವು ಕಲಿತದ್ದು. ನಾವು ಎಡವಿದ್ದನ್ನೂ ಮುಚ್ಚಿಡದೆ ಹೇಳುತ್ತೇವೆ. ಇದನ್ನು ಓದಿ ಒಂದು ಲೈನಿನವರಾದರೂ ಎಡವದಿದ್ದರೆ ಸಾಕು.

ಮೊದಲು, ಆ ಅಕ್ಕನ ಬಾಗಿಲಿಗೆ ಆದದ್ದೇನು? ಬೀಗ ಗಟ್ಟಿಯಾಗಿಯೇ ಇತ್ತು. ಕೊಂಡಿಯನ್ನು ಚೌಕಟ್ಟಿಗೆ ಹಿಡಿದಿದ್ದದ್ದು ಅರ್ಧ ಅಂಗುಲದ ನಾಲ್ಕು ಸ್ಕ್ರೂ ಮೊಳೆಗಳು. ಅವನ್ನು ತಿರುಗಿಸಿ ಹಾಕಿರಲಿಲ್ಲ, ಸುತ್ತಿಗೆಯಿಂದ ಹೊಡೆದು ಕೂರಿಸಿದ್ದರು. ಹಾಗೆ ಹೊಡೆದ ಸ್ಕ್ರೂ ಮರದ ನಾರನ್ನು ಹರಿದುಕೊಂಡು ಒಳಗೆ ಹೋಗುತ್ತದೆ. ಅದರ ಸುರುಳಿಗೆ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ. ಒಂದು ಕಬ್ಬಿಣದ ಸರಳನ್ನು ಕೊಂಡಿಯೊಳಗೆ ತೂರಿಸಿ ಮೀಟಿದರೆ ಮುಗಿಯಿತು. ಕಳ್ಳನಿಗೆ ಬೀಗದ ತಂಟೆಯೇ ಬೇಡ. ನಮ್ಮ ಲೈನಿನ ಮನೆಗಳನ್ನು ಒಂದೊಂದಾಗಿ ನೋಡುತ್ತಾ ಹೋದೆವು. ಹೆಚ್ಚಿನ ಬಾಗಿಲುಗಳ ಗತಿ ಅದೇ ಆಗಿತ್ತು. ಬೀಗಕ್ಕೆ ದುಡ್ಡು ಹಾಕಿದ್ದೇವೆ, ಬೀಗ ನೇತುಹಾಕಿದ ಮೊಳೆಯನ್ನು ನೋಡಿಲ್ಲ. ನಮ್ಮ ಜೀವನದಲ್ಲಿ ಬೇರೆ ಎಷ್ಟೋ ಕಡೆಯೂ ಹೀಗೇ ಮಾಡುತ್ತೇವಲ್ಲವೇ?

ಈ ದೋಷವನ್ನು ಸರಿಪಡಿಸಲು ಪೇಟೆಯ ಪರಿಣತ ಬೇಕಿಲ್ಲ. ಕೊಂಡಿಯನ್ನು ಬೋಲ್ಟು ನಟ್ಟಿನಿಂದ ಬಿಗಿಯಬೇಕು. ಬೋಲ್ಟಿನ ದುಂಡು ತಲೆ ಹೊರಗಿರಲಿ, ನಟ್ಟು ಒಳಗಿರಲಿ. ತಲೆಯಲ್ಲಿ ಸ್ಕ್ರೂಡ್ರೈವರು ಕೂರುವ ಸೀಳು ಇರಬಾರದು. ಆಗ ಹೊರಗಿನಿಂದ ತಿರುಗಿಸಿ ಬಿಚ್ಚಲು ಆಗುವುದಿಲ್ಲ, ಮೀಟಿದರೂ ಸುಲಭಕ್ಕೆ ಬರುವುದಿಲ್ಲ. ಬೋಲ್ಟು ಹಾಯದ ಕಡೆ ಎರಡು ಅಂಗುಲದ ಸ್ಕ್ರೂ ಬಳಸಬೇಕು. ಮೊದಲು ಸಣ್ಣ ಬೈರಿಗೆಯಿಂದ ತೂತು ಕೊರೆದು, ಸ್ಕ್ರೂವಿಗೆ ಸ್ವಲ್ಪ ಸೋಪು ಸವರಿ ತಿರುಗಿಸಿದರೆ ಗಟ್ಟಿ ಮರಕ್ಕೂ ಇಳಿಯುತ್ತದೆ. ನಾಲ್ಕು ಬೋಲ್ಟಿನ ಬೆಲೆ ನಮ್ಮ ಒಂದು ದಿನದ ಕೂಲಿಗಿಂತ ಕಡಿಮೆ. ಬೈರಿಗೆ ಲೈನಿಗೊಂದು ಇದ್ದರೆ ಸಾಕು. ಇಷ್ಟನ್ನು ನಮ್ಮ ಅಣ್ಣಂದಿರೂ ಅಕ್ಕಂದಿರೂ ಮಾಡಬಲ್ಲರು. ವರುಷಗಟ್ಟಲೆ ಕವಾತು ಕತ್ತಿ ಹಿಡಿದ ಕೈಗೆ ಬೈರಿಗೆ ಭಾರವೇ?

ಯುವಕರ ಮಾತು ಇಲ್ಲಿಯವರೆಗೆ ಸರಿ. ಆದರೆ ಮುಂದೆ ನಡೆದದ್ದನ್ನೂ ಕೇಳಿರಿ. ಒಂದು ಶನಿವಾರ ನಮ್ಮ ಹುಡುಗರು ಉತ್ಸಾಹದಿಂದ ಆರು ಮನೆಯ ಬಾಗಿಲು ಬಿಗಿ ಮಾಡಿದರು. ಮೂರು ತಪ್ಪು ನಡೆಯಿತು.

ಮೊದಲನೆಯದು ಮರದ ವಿಷಯ. ನಮ್ಮ ಹಳೆಯ ಲೈನುಗಳಲ್ಲಿ ಕೆಲವು ಕದ ಹಲಸಿನವು, ಕೆಲವು ನೀಲಗಿರಿ ಮರದವು, ಆಮೇಲೆ ರಿಪೇರಿ ಮಾಡಿದವು ಸಿಲ್ವರ್ ಓಕಿನವು. ಹಲಸು ಹಿಡಿದುಕೊಳ್ಳುತ್ತದೆ. ನೀಲಗಿರಿ ಸೀಳುತ್ತದೆ, ಅಂಚಿಗೆ ಹತ್ತಿರ ಕೊರೆದರೆ ಉದ್ದಕ್ಕೆ ಬಿರುಕು ಬಿಡುತ್ತದೆ. ಸಿಲ್ವರ್ ಓಕು ಮೆದು. ಅಲ್ಲಿ ಬೋಲ್ಟಿನ ಎರಡೂ ಕಡೆ ತಗಡಿನ ಪಟ್ಟಿ ಇಡಬೇಕು. ಹುಡುಗರು ಎಲ್ಲಕ್ಕೂ ಒಂದೇ ಕೊರೆತ ಕೊರೆದರು. ಒಂದು ಕದ ಸೀಳಿಹೋಯಿತು.

ಎರಡನೆಯದು ಕಾಲದ ವಿಷಯ. ಮಳೆಗಾಲದಲ್ಲಿ ಕದ ನೀರುಂಡು ಉಬ್ಬಿ ಚೌಕಟ್ಟಿಗೆ ಉಜ್ಜುತ್ತದೆ. ಹುಡುಗರು ಕೀಸುಳಿ ಹಿಡಿದು ಕಾಲು ಅಂಗುಲ ಕೀಸಿ ಹಾಕಿದರು. ಬಿಸಿಲು ಬಿದ್ದಾಗ ಮರ ಕುಗ್ಗಿತು. ಈಗ ಆ ಸಂದಿಯಲ್ಲಿ ಬೆರಳು ಹೋಗುತ್ತದೆ, ಸರಳೂ ಹೋಗುತ್ತದೆ. ನಮ್ಮ ತೋಟದ ಹಳೆಯ ಬಡಗಿಯವರು ಬಂದು ನೋಡಿ ನಕ್ಕರು. "ಮಳೆಯಲ್ಲಿ ಕದ ಬಿಗಿಯಾದರೆ ಹಿಂಜನ್ನು ನೋಡಬೇಕು, ಕೆಳಮೂಲೆ ನೋಡಬೇಕು, ಎಣ್ಣೆ ಹಚ್ಚಬೇಕು. ಕೀಸುವ ಕೆಲಸವನ್ನು ಫೆಬ್ರವರಿಗೆ ಇಟ್ಟುಕೊಳ್ಳಬೇಕು" ಎಂದರು. ಈ ಮಾತು ಮೊಬೈಲಿನಲ್ಲಿ ಇರಲಿಲ್ಲ. ಮೊಬೈಲಿನಲ್ಲಿ ಕಂಡ ಬಾಗಿಲು ಈ ಬೆಟ್ಟದ ಮಳೆ ಕಂಡಿರಲಿಲ್ಲ.

ಮೂರನೆಯ ತಪ್ಪು ದೊಡ್ಡದು. ಒಂದು ಮನೆಯ ಕಿಟಕಿಗೆ ಕಬ್ಬಿಣದ ಗ್ರಿಲ್ಲು ಕೂರಿಸಲು ಹುಡುಗರು ಗೋಡೆಯನ್ನು ಉಳಿಯಿಂದ ಒಡೆದರು. ಆ ಗೋಡೆ ಮಣ್ಣುಗಾರೆಯಲ್ಲಿ ಕಟ್ಟಿದ ಹಳೆಯ ಗೋಡೆ. ಕಿಟಕಿಯ ಮೇಲಿನ ಹಲಗೆಯ ಪಕ್ಕದಿಂದ ಛಾವಣಿಯವರೆಗೆ ಬಿರುಕು ಹೋಯಿತು. ದೇವರ ದಯೆಯಿಂದ ಯಾರ ಮೇಲೂ ಬೀಳಲಿಲ್ಲ. ಬಿದ್ದಿದ್ದರೆ ಏನಾಗುತ್ತಿತ್ತು? ಇದನ್ನು ಪ್ರತಿಯೊಂದು ಮನೆಯವರೂ ತಿಳಿದುಕೊಳ್ಳಬೇಕು.

1951ರ ತೋಟ ಕಾರ್ಮಿಕರ ಕಾಯಿದೆಯು ಕಾರ್ಮಿಕನಿಗೂ ಅವನ ಕುಟುಂಬಕ್ಕೂ ವಸತಿ ಒದಗಿಸಿ, ಅದನ್ನು ಸುಸ್ಥಿತಿಯಲ್ಲಿ ಇಡುವ ಹೊಣೆಯನ್ನು ಮಾಲೀಕರ ಮೇಲೆ ಹಾಕಿತ್ತು. 1981ರ ತಿದ್ದುಪಡಿಯಿಂದ ಅದಕ್ಕೆ ಇನ್ನೊಂದು ಮಾತು ಸೇರಿತು. ಹಾಗೆ ಕೊಟ್ಟ ಮನೆ ಕುಸಿದು ಕಾರ್ಮಿಕನೋ ಮನೆಯವರೋ ಸತ್ತರೆ, ಗಾಯಗೊಂಡರೆ ಮಾಲೀಕರು ಪರಿಹಾರ ಕೊಡಬೇಕು. ಆದರೆ ಕುಸಿತವು ಪೂರ್ತಿಯಾಗಿ ಮನೆಯಲ್ಲಿದ್ದವರ ತಪ್ಪಿನಿಂದಲೇ ಆಗಿದ್ದರೆ, ಅಥವಾ ಪ್ರಕೃತಿಯ ವಿಕೋಪದಿಂದ ಆಗಿದ್ದರೆ ಈ ಹೊಣೆ ಇಲ್ಲ. ಆ ಹಳೆಯ ಕಾಯಿದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ 2020ರ ಹೊಸ ಸಂಹಿತೆಗಳು ಜಾರಿಗೆ ಬಂದಿವೆ. ವಸತಿಯ ಮಾತು ಕೆಲಸದ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆಯಲ್ಲಿಯೂ, ಮನೆ ಕುಸಿತದ ಪರಿಹಾರದ ಮಾತು ಸಾಮಾಜಿಕ ಭದ್ರತೆಯ ಸಂಹಿತೆಯಲ್ಲಿಯೂ ಸೇರಿವೆ. ಅಲ್ಲಿಯೂ "ವಾಸಿಸುವವರ ತಪ್ಪು" ಎಂಬ ಹೊರತು ಹಾಗೆಯೇ ಉಳಿದಿದೆ.

ಇದರ ಅರ್ಥ ನೋಡಿರಿ. ನಾವೇ ಉಳಿ ಹಿಡಿದು ಗೋಡೆ ಒಡೆದು, ನಾಳೆ ಆ ಗೋಡೆ ಮಗುವಿನ ಮೇಲೆ ಬಿದ್ದರೆ, "ಇದು ನಿಮ್ಮದೇ ತಪ್ಪು" ಎನ್ನಲು ನಾವೇ ದಾರಿ ಮಾಡಿಕೊಟ್ಟ ಹಾಗಾಗುತ್ತದೆ. ನೂರು ರೂಪಾಯಿ ಉಳಿಸಲು ಹೋಗಿ ಹಿರಿಯರು ಹೋರಾಡಿ ಪಡೆದ ಹಕ್ಕನ್ನು ಕಳೆದುಕೊಳ್ಳಬಾರದು. ಆದ್ದರಿಂದ ಗೋಡೆ, ಛಾವಣಿ, ಚೌಕಟ್ಟಿನ ಬುಡ, ಈ ಮೂರಕ್ಕೆ ನಾವು ಕೈಹಾಕಬಾರದು. ಅದು ಗಾರೆ ಮೇಸ್ತ್ರಿಯ ಕೆಲಸ, ಅವನನ್ನು ಕಳುಹಿಸುವುದು ಆಫೀಸಿನ ಕೆಲಸ. ಬರಹದಲ್ಲಿ ಅರ್ಜಿ ಕೊಡಬೇಕು. ಒಬ್ಬೊಬ್ಬರಾಗಿ ಬೇಡ, ಇಡೀ ಲೈನಿನವರು ಮನೆ ನಂಬರು ಹಾಕಿ, ಯಾವ ಮನೆಗೆ ಏನಾಗಬೇಕು ಎಂದು ಬರೆದು, ಸಹಿ ಮಾಡಿ ಕೊಡಬೇಕು. ಒಂದು ಪ್ರತಿಗೆ ರೈಟರರ ಸಹಿ, ತಾರೀಖು ಹಾಕಿಸಿ ಇಟ್ಟುಕೊಳ್ಳಬೇಕು. ಯೂನಿಯನ್ನಿನವರಿಗೆ ಒಂದು ಪ್ರತಿ ಕೊಡಬೇಕು. ಬಾಯಿಮಾತಿನ ದೂರು ಮಸ್ಟರಿನ ಮಂಜಿನ ಹಾಗೆ. ಬಿಸಿಲೇರುವ ಹೊತ್ತಿಗೆ ಇರುವುದಿಲ್ಲ.

"ಅರ್ಜಿ ಕೊಟ್ಟು ಕಾಯುತ್ತಾ ಕೂತರೆ ಕಳ್ಳ ಕಾಯುತ್ತಾನೆಯೇ?" ಎಂದು ನೀವು ಕೇಳುವುದು ಸರಿ. ಕಾಯುವ ಕಾಲದಲ್ಲಿ ಗೋಡೆಗೆ ನೋವಾಗದ ಕೆಲಸವನ್ನು ನಾವು ಮಾಡಿಕೊಳ್ಳಬಹುದು. ನಮ್ಮ ಅಜ್ಜಂದಿರ ಮನೆಗಳಲ್ಲಿ ಕದದ ಹಿಂದೆ ಅಡ್ಡಲಾಗಿ ಒಂದು ಅಗುಳಿ ಇರುತ್ತಿತ್ತು. ಎರಡು ಕಬ್ಬಿಣದ ಕೊಕ್ಕೆ, ಒಂದು ಗಟ್ಟಿ ಮರದ ತುಂಡು, ಅಷ್ಟೇ. ರಾತ್ರಿ ಮಲಗುವಾಗ ಇದಕ್ಕಿಂತ ದೊಡ್ಡ ಕಾವಲು ಇಂದಿಗೂ ಅಂಗಡಿಯಲ್ಲಿ ಸಿಗುವುದು ಕಷ್ಟ. ಬೀಗವನ್ನೂ ನೋಡಿ ಕೊಳ್ಳಿರಿ. ನಮ್ಮ ನೆರೆಯ ದಿಂಡಿಗಲ್ಲಿನ ಬೀಗಕ್ಕೆ ಹಳೆಯ ಹೆಸರಿದೆ. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಒಳಗೆ ಲಿವರುಗಳು ಹೆಚ್ಚಿದ್ದಷ್ಟೂ ಕಳ್ಳಕೀಲಿಗೆ ಕಷ್ಟ. ನಮ್ಮ ಮಂಜಿನ ಊರಿನಲ್ಲಿ ಬೀಗ ತುಕ್ಕು ಹಿಡಿಯುತ್ತದೆ ಎಂದು ಕೊಬ್ಬರಿ ಎಣ್ಣೆ ಬಿಡಬೇಡಿರಿ. ಅದು ಚಳಿಗೆ ಹೆಪ್ಪುಗಟ್ಟಿ ಧೂಳು ಹಿಡಿಯುತ್ತದೆ. ಪೆನ್ಸಿಲಿನ ಸೀಸದ ಪುಡಿಯನ್ನು ಕೀಲಿಗೆ ಸವರಿ ನಾಲ್ಕು ಸಲ ತಿರುಗಿಸಿದರೆ ಸಾಕು.

ಇನ್ನು ಪೇಟೆಯ ಪರಿಣತರ ಮಾತು. ನಮ್ಮಲ್ಲಿ ಮೂರು ಮನೆಯವರು ಸೇರಿ ಒಬ್ಬನನ್ನು ಕರೆಸಿದರು. ಬಣ್ಣದ ಕಾಗದ ಕೊಟ್ಟ, ಅಂಗಿಯ ಮೇಲೆ ಹೆಸರು ಹೊಲಿಸಿಕೊಂಡಿದ್ದ. ಅರ್ಧ ಹಣ ಮೊದಲೇ ಪಡೆದ. ಬಾಗಿಲು ತೆರೆದರೆ ಕೂಗುವ ಸೈರನ್ನು ಹಾಕಿದ. ಅದು ಗಾಳಿಗೆ ಕೂಗಿತು, ಮೇಕೆ ಕೊಂಬು ತಾಗಿಸಿದರೆ ಕೂಗಿತು, ಕರೆಂಟು ಹೋಗಿ ಬಂದರೆ ಕೂಗಿತು. ಮೂರನೆಯ ರಾತ್ರಿ ಪಕ್ಕದ ಮನೆಯ ಬಾಣಂತಿಯ ಸಲುವಾಗಿ ಅದರ ತಂತಿ ಕಿತ್ತು ಇಟ್ಟರು. ಅವನಿಗೆ ಫೋನು ಮಾಡಿದರೆ ಇಂದಿಗೂ ಎತ್ತುವುದಿಲ್ಲ. ಅವನು ಬರುವ ಮೊದಲು ಆ ಮೂರು ಮನೆಯ ಕೊಂಡಿಗೆ ಇದ್ದದ್ದು ಅರ್ಧ ಅಂಗುಲದ ಸ್ಕ್ರೂ. ಅವನು ಹೋದ ಮೇಲೂ ಇದ್ದದ್ದು ಅದೇ ಸ್ಕ್ರೂ.

ಕಸುಬಿನವರೆಲ್ಲ ಹೀಗೆಂದು ನಾವು ಹೇಳುವುದಿಲ್ಲ. ನಮ್ಮ ಕರ್ತನೇ ಬಡಗಿಯ ಮನೆಯಲ್ಲಿ ಬೆಳೆದವನು. ಕಸುಬಿಗೆ ನಾವು ಅಗೌರವ ತೋರಬಾರದು. ಆದರೆ ಕಸುಬು ಬೇರೆ, ಮಾರಾಟ ಬೇರೆ. ನಿಜವಾದ ಕಸುಬುದಾರ ಮೊದಲು ಬಾಗಿಲು ನೋಡುತ್ತಾನೆ, ಕೈಯಿಂದ ಅಲುಗಿಸುತ್ತಾನೆ, ಆಮೇಲೆ ಬೆಲೆ ಹೇಳುತ್ತಾನೆ. ಬಾಗಿಲು ನೋಡದೆ ಬೆಲೆ ಹೇಳುವವನನ್ನು ಹೊಸ್ತಿಲಿನಿಂದಲೇ ಕಳುಹಿಸಿಬಿಡಿರಿ. ಕೆಲಸ ಮುಗಿಯದೆ ಪೂರ್ತಿ ಹಣ ಕೊಡಬೇಡಿರಿ, ರಸೀದಿ ಇಲ್ಲದೆ ಮುಂಗಡ ಕೊಡಬೇಡಿರಿ, ಹೊಸ ಬೀಗದ ಎಲ್ಲ ಕೀಲಿಗಳನ್ನೂ ಎಣಿಸಿ ತೆಗೆದುಕೊಳ್ಳಿರಿ.

ಕ್ಯಾಮೆರಾದ ವಿಷಯದಲ್ಲಿಯೂ ಒಂದೆರಡು ಮಾತು. ಅದು ನೋಡುತ್ತದೆ, ತಡೆಯುವುದಿಲ್ಲ. ಕರೆಂಟು ಹೋದರೆ ಹೆಚ್ಚಿನವು ನೋಡುವುದೂ ಇಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಎಷ್ಟು ಹೊತ್ತು ಇರುತ್ತದೆ ಎಂದು ನಿಮಗೇ ಗೊತ್ತು. ಹಾಕಿದರೂ ಅದು ನಿಮ್ಮ ಬಾಗಿಲನ್ನು ಮಾತ್ರ ನೋಡಲಿ. ಸಾಲುಮನೆಯಲ್ಲಿ ಎಲ್ಲರಿಗೂ ಒಂದೇ ನಲ್ಲಿ, ಒಂದೇ ದಾರಿ. ನೀರಿಗೆ ಹೋಗುವ, ಕಕ್ಕಸಿಗೆ ಹೋಗುವ ಹೆಣ್ಣುಮಕ್ಕಳ ಮೇಲೆ ರಾತ್ರಿ ಹಗಲು ಕಣ್ಣಿಡುವ ಯಂತ್ರವನ್ನು ಕಾವಲು ಎನ್ನಲಾಗದು. ಅದರ ಜೊತೆ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಾಯಿಸಬೇಕು. ಇಲ್ಲವಾದರೆ ನಿಮ್ಮ ಮನೆಯನ್ನು ಎಲ್ಲೋ ಕುಳಿತವನು ನೋಡಬಹುದು.

ಈಗ ಅತಿ ಗಂಭೀರವಾದ ಮಾತಿಗೆ ಬರುತ್ತೇವೆ. ಇದು ಕರೆಂಟಿನದು. ತರಕಾರಿ ಪಾತಿಗೆ ಹಂದಿ ಬರುತ್ತದೆ ಎಂದೋ, ಕೋಳಿಗೂಡಿಗೆ ಕಳ್ಳ ಬರುತ್ತಾನೆ ಎಂದೋ ಮನೆಯ ಕರೆಂಟನ್ನು ಬೇಲಿಯ ತಂತಿಗೆ ಕೊಡುವ ಕೆಟ್ಟ ರೂಢಿ ಕೆಲವು ಕಡೆ ಇದೆ. ಸಹೋದರರೇ, ಅದು ಬೇಲಿಯಲ್ಲ, ಕೊಲೆಯ ಬಲೆ. ಮನೆಯ ಕರೆಂಟು 230 ವೋಲ್ಟ್, ಎಡೆಬಿಡದೆ ಹರಿಯುತ್ತದೆ. ಹಿಡಿದ ಕೈ ಸೆಟೆದು ಬಿಡಲಾಗದೆ ಹೋಗುತ್ತದೆ. ಅರಣ್ಯ ಇಲಾಖೆಯವರು ಹಾಕುವ ಸೋಲಾರ್ ಬೇಲಿ ಬೇರೆ ಬಗೆಯದು. ಅದರ ಯಂತ್ರ ಸುಮಾರು ಸೆಕೆಂಡಿಗೊಮ್ಮೆ ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ ಏಟು ಕೊಟ್ಟು ಬಿಡುತ್ತದೆ. ಆನೆ ಹಿಂಜರಿಯುತ್ತದೆ, ಸಾಯುವುದಿಲ್ಲ. ಮನೆಯ ಕರೆಂಟಿಗೆ ಆ ಭೇದ ಗೊತ್ತಿಲ್ಲ. ಕಳ್ಳನಿಗೆಂದು ಕಟ್ಟಿದ ತಂತಿಗೆ ಬೆಳಿಗ್ಗೆ ಎದ್ದ ಸ್ವಂತ ಮಗುವೇ ಸಿಕ್ಕಬಹುದು. ಕಾನೂನಿನಲ್ಲಿಯೂ ಅದು ಅಪರಾಧ, ದೇವರ ಮುಂದೆಯೂ ಅಪರಾಧ. ಹೊರಗೆ ದೀಪ ಹಾಕುವ, ಗಂಟೆ ಹಾಕುವ ಯಾವ ವೈರಿನ ಕೆಲಸವನ್ನೂ ಲೈಸೆನ್ಸು ಇರುವ ಎಲೆಕ್ಟ್ರೀಷಿಯನ್ನಿನಿಂದಲೇ ಮಾಡಿಸಬೇಕು. ಸೋರಿಕೆ ಕರೆಂಟು 30 ಮಿಲಿ ಆಂಪಿಯರ್ ಮುಟ್ಟುವುದರೊಳಗೆ ತಾನಾಗಿ ಕಡಿಯುವ ಸಾಧನ ಸಿಗುತ್ತದೆ. ಅದನ್ನು ಲೈನಿಗೆ ಹಾಕಿಸಬೇಕೆಂದು ನಮ್ಮ ಅರ್ಜಿಯಲ್ಲಿ ಸೇರಿಸಿದ್ದೇವೆ. ಇಲ್ಲಿ ಸ್ವಂತ ಕೈ ಬೇಡ. ಹಣ ಉಳಿಸುವುದೂ ಬೇಡ.

ಬಾಗಿಲು ಹೊರಗಿನವನನ್ನು ತಡೆಯುವುದಕ್ಕೆ ಮಾತ್ರ ಇರುವುದಲ್ಲ, ಒಳಗಿನವರು ಹೊರಗೆ ಬರುವುದಕ್ಕೂ ಇರುವುದು. ಇದನ್ನು ಪೇಟೆಯವನೂ ಹೇಳಲಿಲ್ಲ, ನಮ್ಮ ಹುಡುಗರೂ ಯೋಚಿಸಲಿಲ್ಲ. ಕೆಲವು ಮನೆಗಳಲ್ಲಿ ಒಳಗಿನಿಂದಲೂ ಬೀಗ ಹಾಕಿ, ಕೀಲಿಯನ್ನು ಅಕ್ಕಿಡಬ್ಬದಲ್ಲಿ ಇಡುತ್ತಾರೆ. ರಾತ್ರಿ ಒಲೆಯಿಂದ ಬೆಂಕಿ ಎದ್ದರೆ, ಹೊಗೆಯಲ್ಲಿ ಅಕ್ಕಿಡಬ್ಬ ಎಲ್ಲಿದೆ? 2024ರ ಜುಲೈ 30ರ ಬೆಳಗಿನ ಜಾವ ಮೇಪ್ಪಾಡಿಯ ಮುಂಡಕ್ಕೈ, ಚೂರಲ್ಮಲೆಗಳಲ್ಲಿ ಬೆಟ್ಟ ಜಾರಿ ಬಂದಾಗ ಕತ್ತಲಲ್ಲಿ ಎದ್ದು ಓಡಬೇಕಾದವರ ಪಾಡನ್ನು ಈ ಬೆಟ್ಟದವರು ಯಾರೂ ಮರೆತಿಲ್ಲ. ಒಳಗಿನ ಅಗುಳಿ, ಚಿಲಕಗಳು ಕೀಲಿಯಿಲ್ಲದೆ ಒಂದೇ ಕೈಯಿಂದ ತೆರೆಯುವಂತಿರಬೇಕು. ಮನೆಯ ಸಣ್ಣ ಮಗುವಿಗೂ ಮುದುಕಿಗೂ ತೆರೆಯಲು ಗೊತ್ತಿರಬೇಕು. ಎಲ್ಲ ಕಿಟಕಿಗೂ ಗ್ರಿಲ್ಲು ಹಾಕಿದರೆ ಒಂದನ್ನಾದರೂ ಒಳಗಿನಿಂದ ತೆರೆಯುವಂತೆ ಮಾಡಿಸಬೇಕು.

ಅದಕ್ಕಿಂತ ನೋವಿನ ಮಾತೊಂದಿದೆ. ಅಪ್ಪ ಅಮ್ಮ ಇಬ್ಬರೂ ಮಸ್ಟರಿಗೆ ಹೋಗುವಾಗ ಚಿಕ್ಕ ಮಕ್ಕಳನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕುವವರು ನಮ್ಮಲ್ಲಿಯೂ ಇದ್ದಾರೆ. ಅವರನ್ನು ನಾವು ದೂರುವುದಿಲ್ಲ. ಚಿರತೆಯ ಭಯ, ಅಪರಿಚಿತರ ಭಯ, ಅರ್ಧ ದಿನದ ಕೂಲಿ ಹೋಗುವ ಭಯ, ಎಲ್ಲವೂ ಸೇರಿ ಆ ಕೀಲಿ ತಿರುಗಿಸುತ್ತವೆ. ಆದರೆ ಬೂದಿ ಮುಚ್ಚಿದ ಕೆಂಡ ಒಳಗಿರುವಾಗ ಮಗುವಿನ ಮೇಲೆ ಬೀಗ ಹಾಕುವುದು ಕಾವಲಲ್ಲ. 1951ರ ಕಾಯಿದೆಯೇ 50 ಅಥವಾ ಹೆಚ್ಚು ಹೆಣ್ಣಾಳುಗಳಿರುವ ತೋಟಗಳಲ್ಲಿ ಮಕ್ಕಳ ಮನೆ ಇರಬೇಕೆಂದು ಹೇಳಿತ್ತು. ಹೊಸ ಸಂಹಿತೆಯಲ್ಲೂ ತೋಟದ ಮಕ್ಕಳ ಮನೆಯ ಮಾತಿದೆ. ಮಕ್ಕಳ ಮನೆ ಮುಚ್ಚಿರುವ, ಆಯಾ ಇಲ್ಲದ ತೋಟಗಳಲ್ಲಿ ಮನೆಯ ಭದ್ರತೆಯ ಅರ್ಜಿ ಬರೆಯುವಾಗ ಮೊದಲ ಸಾಲು ಇದೇ ಆಗಿರಲಿ. ಅದು ತೆರೆಯುವವರೆಗೆ ಲೈನಿನಲ್ಲಿ ಉಳಿಯುವ ಒಬ್ಬ ಅಜ್ಜಿಯ ಹತ್ತಿರ ಮಕ್ಕಳನ್ನು ಸೇರಿಸಿ, ಎಲ್ಲರೂ ಅವರಿಗೆ ಅಷ್ಟಿಷ್ಟು ಕೊಡುವ ಏರ್ಪಾಡು ಮಾಡಿಕೊಳ್ಳೋಣ. ಮಕ್ಕಳ ಸಹಾಯವಾಣಿ 1098, ತುರ್ತಿನ 112, ಈ ಎರಡು ನಂಬರುಗಳನ್ನು ಸೀಮೆಸುಣ್ಣದಿಂದ ಬಾಗಿಲ ಹಿಂದೆ ಬರೆದಿಡಿರಿ.

ನಮ್ಮ ಬಾಗಿಲಿಗೆ ಬರುವವರು ಕಳ್ಳರು ಮಾತ್ರವಲ್ಲ. 2022ರಲ್ಲಿ ಗೂಡಲೂರು ಪಂದಲೂರು ಕಡೆ ಒಂದು ಮಖನಾ ಆನೆ ಅಕ್ಕಿಗಾಗಿ ಮನೆಗಳನ್ನು ಒಡೆಯುತ್ತಾ ಬಂತು. ಆ ವರುಷ ಡಿಸೆಂಬರಿನಲ್ಲಿ ಅದನ್ನು ಹಿಡಿದು ಮುದುಮಲೆಯ ಕಾಡಿಗೆ ಬಿಟ್ಟರು. ಅದು ಅಲ್ಲಿಂದ ನಡೆದು ವಯನಾಡಿನ ಸುಲ್ತಾನ್ ಬತ್ತೇರಿ ಪೇಟೆಗೇ ಬಂತು. 2023ರ ಜನವರಿಯಲ್ಲಿ ಕೇರಳದ ಅರಣ್ಯ ಇಲಾಖೆಯವರು ಮತ್ತೆ ಹಿಡಿಯಬೇಕಾಯಿತು. ಆನೆಯ ಮುಂದೆ ಯಾವ ಬೋಲ್ಟು, ಯಾವ ಬೀಗ? ಅಲ್ಲಿ ಕಾವಲು ಎಂದರೆ ಬೇರೆ. ಅಕ್ಕಿ, ಬೆಲ್ಲ, ಉಪ್ಪನ್ನು ಮುಚ್ಚಳ ಬಿಗಿಯಾದ ಡಬ್ಬದಲ್ಲಿಟ್ಟು ವಾಸನೆ ಹೊರಗೆ ಬಾರದಂತೆ ನೋಡಿಕೊಳ್ಳುವುದು, ಹೊರಗೋಡೆಗೆ ತಲೆಯಿಟ್ಟು ಮಲಗದಿರುವುದು, ಹಲಸು ಹಣ್ಣಾಗುವ ಮೊದಲೇ ಇಳಿಸಿಬಿಡುವುದು. 2024ರ ಜನವರಿಯಲ್ಲಿ ಪಂದಲೂರಿನ ಹತ್ತಿರ ಜಾರ್ಖಂಡಿನಿಂದ ಬಂದ ತೋಟದ ಕೆಲಸದವರ ಮೂರು ವರುಷದ ಹೆಣ್ಣುಮಗುವನ್ನು ಚಿರತೆ ಒಯ್ದು ಕೊಂದಿತು. ಅಲ್ಲಿ ಬೇಕಾದದ್ದು ಲೈನಿನ ಸುತ್ತ ಲಂಟಾನ ಪೊದೆ ಕಡಿದ ಬಯಲು, ದಾರಿಗೆ ಬೆಳಕು, ಮನೆಗೆ ಹತ್ತಿರದಲ್ಲೇ ಕಕ್ಕಸು. ಪೊದೆ ಕಡಿಯುವುದು ನಮ್ಮ ಕೈಯಿಂದ ಆಗುತ್ತದೆ. ದೀಪ ಮತ್ತು ಕಕ್ಕಸು ಕೇಳಿ ಪಡೆಯಬೇಕಾದವು.

ಆ ಮಗುವಿನ ಮಾತು ಬಂದಾಗ ನಮ್ಮದೊಂದು ಪಾಪವನ್ನೂ ಒಪ್ಪಿಕೊಳ್ಳಬೇಕು. ನಮ್ಮ ಅಕ್ಕನ ಮನೆಯಲ್ಲಿ ಕಳವಾದ ಸಂಜೆಯೇ ಕೆಲವರ ಕಣ್ಣು ಲೈನಿನ ಕೊನೆಯ ಮನೆಯ ಮೇಲೆ ಬಿತ್ತು. ಅಲ್ಲಿ ಹೊಸದಾಗಿ ಉತ್ತರದಿಂದ ಬಂದ ಒಂದು ಕುಟುಂಬವಿದೆ. ಭಾಷೆ ಬೇರೆ, ಊಟ ಬೇರೆ. ನಮ್ಮವರೇ ಹೋಗಿ ಅವರ ಪೆಟ್ಟಿಗೆ ತೆಗೆಸಿ ನೋಡಿದರು. ಎರಡು ಸೀರೆ, ಒಂದು ಮಗುವಿನ ಫೋಟೋ, ಔಷಧದ ಚೀಟಿ, ಅಷ್ಟೇ ಇತ್ತು. ಕ್ಷಮೆ ಕೇಳಿದೆವು, ಆದರೆ ಎಂಟು ದಿನ ತಡವಾಗಿ. ಈ ನಾಡಿಗೆ ನಮ್ಮ ಅಜ್ಜಂದಿರೂ ಹೀಗೆಯೇ ಗಂಟು ಹೊತ್ತು ಘಟ್ಟ ಹತ್ತಿ ಬಂದವರಲ್ಲವೇ? ಆಗ ಅವರ ಪೆಟ್ಟಿಗೆಯನ್ನು ಯಾರು ತೆಗೆಸಿದರೋ! ಕದಕ್ಕೆ ಬೋಲ್ಟು ಹಾಕುವಾಗ ಮನಸ್ಸಿಗೂ ಬೋಲ್ಟು ಹಾಕಿಕೊಂಡರೆ ಕಳ್ಳನಿಗಿಂತ ಹೆಚ್ಚಿನ ನಷ್ಟವನ್ನು ನಾವೇ ಮಾಡಿಕೊಂಡ ಹಾಗೆ.

"ದೇವರನ್ನು ನಂಬಿದವರಿಗೆ ಇಷ್ಟೆಲ್ಲ ಬೀಗದ ಚಿಂತೆ ಏಕೆ?" ಎಂದು ಒಬ್ಬ ಹಿರಿಯರು ಕೇಳಿದರು. ನಾವು ನೆಹೆಮೀಯನ ಪುಸ್ತಕವನ್ನು ತೆರೆದೆವು. ಯೆರೂಸಲೇಮಿನ ಗೋಡೆ ಬಿದ್ದಿದ್ದಾಗ ಅವನು ಪ್ರಾರ್ಥನೆಯನ್ನೂ ಮಾಡಿದ, ಹಗಲಿರುಳು ಕಾವಲನ್ನೂ ಇಟ್ಟ. ಒಂದನ್ನು ಮಾಡಿದ್ದಕ್ಕಾಗಿ ಇನ್ನೊಂದನ್ನು ಬಿಡಲಿಲ್ಲ. ಮೂರನೆಯ ಅಧ್ಯಾಯವನ್ನು ಓದಿದರೆ ಅದು ಹಾಜರಿ ಪುಸ್ತಕದ ಹಾಗೆಯೇ ಇದೆ. ಯಾರು ಯಾವ ಬಾಗಿಲಿಗೆ ಕದ ನಿಲ್ಲಿಸಿದರು, ಅಗುಳಿ ಹಾಕಿದರು ಎಂದು ಹೆಸರು ಹೆಸರಾಗಿ ಬರೆದಿದೆ. ಅದರಲ್ಲಿ ಅಕ್ಕಸಾಲಿಗರಿದ್ದಾರೆ, ಸುಗಂಧ ಮಾಡುವವರಿದ್ದಾರೆ, ತನ್ನ ಹೆಣ್ಣುಮಕ್ಕಳ ಜೊತೆ ಕೆಲಸ ಮಾಡಿದ ತಂದೆಯೊಬ್ಬನಿದ್ದಾನೆ. ಗೋಡೆ ಕಟ್ಟುವುದು ಅವರ ಕಸುಬಾಗಿರಲಿಲ್ಲ. ಹಲವರು ತಮ್ಮ ತಮ್ಮ ಮನೆಯ ಎದುರಿನ ಭಾಗವನ್ನು ಕಟ್ಟಿದರು. ತೆಕೋವ ಎಂಬ ಊರಿನ ಶ್ರೀಮಂತರು ಮಾತ್ರ ಹೆಗಲು ಕೊಡಲಿಲ್ಲ ಎಂಬುದನ್ನೂ ಆ ಪುಸ್ತಕ ಮುಚ್ಚಿಡದೆ ಬರೆದಿದೆ. ಅದೇ ಊರಿನ ಸಾಮಾನ್ಯ ಜನ ತಮ್ಮ ಪಾಲು ಮುಗಿಸಿ ಇನ್ನೊಂದು ಭಾಗವನ್ನೂ ಕಟ್ಟಿದರು. ನಮ್ಮ ಪ್ರಶ್ನೆಗೆ ಉತ್ತರ ಅಲ್ಲಿದೆ. ಪ್ರತಿಯೊಬ್ಬರೂ ಕೈಹಾಕಬೇಕು, ಆದರೆ ಯಾರೂ ಒಬ್ಬಂಟಿಯಾಗಿ ಅಲ್ಲ. ಕೆಲಸವನ್ನು ಒಬ್ಬನು ನೋಡಿ ನಡೆಸಬೇಕು. ಹೆಗಲು ಕೊಡದವರ ಹೆಸರೂ ಬರಹದಲ್ಲಿ ಇರಬೇಕು.

ಆದ್ದರಿಂದ ನಮ್ಮ ಅಭಿಪ್ರಾಯ ಇದು. ಕದ, ಕೊಂಡಿ, ಚಿಲಕ, ಅಗುಳಿ ನಮ್ಮ ಕೈಯ ಕೆಲಸ. ಆದರೆ ಮರ ಬಲ್ಲ ಬಡಗಿಯೊಬ್ಬರು ಮೊದಲ ಬಾಗಿಲನ್ನು ಮಾಡಿ ತೋರಿಸಲಿ, ಮಿಕ್ಕವನ್ನು ನಾವು ಮಾಡೋಣ. ಅವರ ದಿನದ ಕೂಲಿಯನ್ನು ಲೈನಿನವರೆಲ್ಲ ಸೇರಿ ಕೊಡೋಣ. ಬಡಗಿಯೂ ನಮ್ಮ ಹಾಗೆಯೇ ದುಡಿಯುವವರು, "ನಮ್ಮವರೇ ಅಲ್ಲವೇ" ಎಂದು ಬಿಟ್ಟಿ ಕೆಲಸ ಕೇಳಬಾರದು. ಗೋಡೆ ಮತ್ತು ಛಾವಣಿ ಆಫೀಸಿನ ಹೊಣೆ, ಅದನ್ನು ಬರಹದಲ್ಲಿ ಕೇಳೋಣ. ಕರೆಂಟು ಲೈಸೆನ್ಸುದಾರನದು, ಅಲ್ಲಿ ಯಾವ ರಾಜಿಯೂ ಬೇಡ. ಸೈರನ್ನು, ಕ್ಯಾಮೆರಾ ಬೇಕೆನ್ನುವವರು ಮೊದಲು ಕೊಂಡಿ ಸರಿಮಾಡಿಸಿ, ನೆರೆಯವರನ್ನು ಕೇಳಿ, ಆಮೇಲೆ ಹಾಕಿಸಲಿ.

ನಮ್ಮ ಲೈನಿನಲ್ಲಿ ಈಗ ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಬಾಗಿಲು ನೋಡುವ ಕೆಲಸ ನಡೆಯುತ್ತಿದೆ. ವಿಧವೆಯರ ಮನೆ ಮೊದಲು, ಗಂಡಸರು ಹೊರಗೆ ದುಡಿಯಲು ಹೋಗಿರುವ ಮನೆ ಎರಡನೆಯದು, ಮಿಕ್ಕವು ಆಮೇಲೆ. ಭಾನುವಾರ ಆರಾಧನೆಯ ಹೊತ್ತಿನಲ್ಲಿ ಸರದಿಯ ಮೇಲೆ ಎರಡು ಮನೆಯವರು ಲೈನಿನಲ್ಲಿ ಉಳಿಯುತ್ತಾರೆ. ಅವರಿಗಾಗಿ ಸಂಜೆ ಅವರ ಅಂಗಳದಲ್ಲಿಯೇ ಸಣ್ಣ ಕೂಟ ನಡೆಯುತ್ತದೆ. ಕಳೆದ ತಿಂಗಳು ಉಳಿಯುವ ಸರದಿ ಕೊನೆಯ ಮನೆಯ ಆ ಉತ್ತರದ ಕುಟುಂಬಕ್ಕೆ ಬಂತು. ಓಲೆ ಕಳೆದುಕೊಂಡ ಅಕ್ಕನವರೇ ಹೋಗಿ ತಮ್ಮ ಮನೆಯ ಕೀಲಿಯನ್ನು ಅವರ ಕೈಗೆ ಕೊಟ್ಟು ಆರಾಧನೆಗೆ ಬಂದರು. ಓಲೆ ಇನ್ನೂ ಸಿಕ್ಕಿಲ್ಲ. ಪೊಲೀಸ್ ಠಾಣೆಯಲ್ಲಿ ದೂರು ಹಾಗೆಯೇ ಇದೆ. ಆದರೆ ಆ ದಿನ ಕೊನೆಯ ಮನೆಯ ತಾಯಿ ಮಧ್ಯಾಹ್ನದವರೆಗೆ ಆ ಹೊಸ್ತಿಲ ಮೇಲೆಯೇ ಅಕ್ಕಿ ಆರಿಸುತ್ತಾ ಕುಳಿತಿದ್ದರು ಎಂದು ಮಕ್ಕಳು ಬಂದು ಹೇಳಿದರು.

ಮುಂದಿನ ಸಂಚಿಕೆಯೊಳಗೆ ನಿಮ್ಮ ಲೈನಿನ ಬಾಗಿಲುಗಳನ್ನು ಒಮ್ಮೆ ನೋಡಿರಿ. ಕೊಂಡಿಯನ್ನು ಕೈಯಿಂದ ಹಿಡಿದು ಎಳೆಯಿರಿ. ಅಲುಗಿದರೆ ಬೀಗ ಬದಲಾಯಿಸುವ ಮುಂಚೆ ಮೊಳೆ ಬದಲಾಯಿಸಿರಿ. ಕಾಯುವ ಕರ್ತನು ನಿಮ್ಮೆಲ್ಲರ ಹೊಸ್ತಿಲುಗಳನ್ನು ಕಾಯಲಿ.